ಬೋಟು ಯಾವಾಗ ಬಿಡುತ್ತೆ ಸ್ವಾಮಿ?

ರಾತ್ರಿಯಿಡೀ ಟೆಂಪೋ ಟ್ರಾವೆಲರ್‌ನಲ್ಲಿ ಶಿರಾಡಿ ಘಾಟಿಯ ತಿರುವಿಗೆಲ್ಲ ವಾಂತಿ ಮಾಡ್ಕೊಂಡು ತುಮಕೂರಿನವರು ಬೆಳಗ್ಗೆ ಮಲ್ಪೆ ಮುಟ್ಟಬೇಕು. ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋ ಬೋಟಿನ ಟಿಕೆಟ್‌ಗೆ ದುಡ್ಡು ತಗೊಳ್ಳೋದ್ರಲ್ಲಿ ಒಂದು ನಿಮಿಷ ತಡ ಇಲ್ಲ. ಟಿಕೆಟ್ ಮೇಲೆ ದರ ಇದೆ, ಹೊರಡೋ ಟೈಮ್ ಎಲ್ಲಿ? ಈ ಭಾನುವಾರವೂ ಅದೇ ಉತ್ತರ: "ಜನ ಆಗ್ಬೇಕು ಮಾರಾಯ್ರೇ."

ನಮ್ಮ ಪಾವಗಡದ ಪ್ರೈವೇಟ್ ಬಸ್ಸಾದ್ರೂ ಸೀಟು ತುಂಬೋವರೆಗೆ ಒಂದಡಿ ಮುಂದೆ, ಒಂದಡಿ ಹಿಂದೆ ಹೋಗಿ ಆಸೆ ತೋರಿಸುತ್ತೆ. ಇಲ್ಲಿ ಎಂಜಿನ್ ಗುರುಗುರು ಅಂತಿರುತ್ತೆ, ಡೀಸೆಲ್ ಹೊಗೆ ಮುಖಕ್ಕೇ ಬರುತ್ತೆ, ಹಗ್ಗ ಮಾತ್ರ ಬಿಚ್ಚಲ್ಲ.

ಲೈಫ್ ಜಾಕೆಟ್ಟಂತೂ ಕೇಳಲೇಬೇಡಿ. ಹಿಂದಿನ ಟ್ರಿಪ್ಪಿನವರ ಬೆವರು ಆರಿರಲ್ಲ. ಮೂರು ಬಕಲ್‌ನಲ್ಲಿ ಎರಡು ಮುರಿದಿರುತ್ತೆ, ಉಳಿದ ಪಟ್ಟಿ ಬಿಗಿ ಮಾಡಿದಷ್ಟೂ ಜಾರುತ್ತೆ. ಸಡಿಲ ಇದ್ರೆ ನೀರಿಗೆ ಬಿದ್ದಾಗ ಜಾಕೆಟ್ ತಲೆ ಮೇಲಿಂದ ಕಳಚ್ಕೊಂಡು ತೇಲುತ್ತೆ, ಆಳು ಕೆಳಗೆ! ಐದು ವರ್ಷದ ಮಗುವಿಗೂ ದೊಡ್ಡವರ ಸೈಜೇ.

ದ್ವೀಪದ ಕಲ್ಲುಕಂಬಗಳು 8 ಕೋಟಿಗೂ ಹೆಚ್ಚು ವರ್ಷದಿಂದ ನಿಂತಿವೆ ಸರಿ, ನಾವೂ ಹಾಗೇ ನಿಂತಿರಬೇಕಾ? ಇಷ್ಟೆಲ್ಲ ಕಾಯಿಸಿದವರು ಅಲ್ಲಿ ಇಳಿದ ತಕ್ಷಣ ಗಡಿಯಾರ ನೋಡ್ತಾರೆ: "ಒಂದೇ ಗಂಟೆ!"

ಇನ್ನು ಮಳೆಗಾಲ. ನದಿ ಸಮುದ್ರ ಸೇರೋ ಅಳಿವೆ ಬಾಯಲ್ಲಿ ಅಲೆ ಎದ್ದಾಗ ಬೋಟು ಬಂದ್, ಅದು ನ್ಯಾಯವೇ. ಮತ್ತೆ ಶುರು ಯಾವಾಗ ಅಂತ ಒಂದು ಬೋರ್ಡು ಹಾಕಿದ್ರೆ ಇವರ ಗಂಟೇನು ಹೋಗುತ್ತೆ? ಫೋನ್ ರಿಂಗಾಗುತ್ತೆ, ಎತ್ತೋರಿಲ್ಲ. ಅಲ್ಲಿಗೇ ಹೋಗಿ ಕೇಳಿದ್ರೆ "ನಾಳೆ ಬಿಡ್ಬಹುದು, ಬಂದು ನೋಡಿ" ಅಂತಾರೆ. ಬಂದು ನೋಡೋಕೆ ಮಲ್ಪೆ ಏನು ನಮ್ಮ ತುಮಕೂರಿನ ಶಿರಾ ಗೇಟಾ?