ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ

ಇಂದು ಬೆಳಿಗ್ಗೆ ಮೈಸೂರಿನಿಂದ ಬರುವ ರೈಲಿನಲ್ಲಿ ಎದುರಿಗೆ ಕುಳಿತಿದ್ದ ಹುಡುಗಿಯೊಬ್ಬಳು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಎಡಗಡೆಯ ಇಂಗ್ಲಿಷ್ ಪದಗಳನ್ನೂ ಬಲಗಡೆಯ ಕನ್ನಡ ಅರ್ಥಗಳನ್ನೂ ಕಣ್ಣು ಮುಚ್ಚಿ ಒಪ್ಪಿಸಿಕೊಳ್ಳುತ್ತಿದ್ದಳು. ‘ಅಬ್ಸರ್ವ್ ಎಂದರೆ ಗಮನಿಸು’ ಎಂಬುದು ಮದ್ದೂರು ದಾಟಿದರೂ ನಿಲ್ಲಲಿಲ್ಲ. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ, ಒಂದು ಪದಕ್ಕೆ ಒಂದೇ ಅರ್ಥವೆಂದು ನಂಬಿಸಿ ಇಂತಹ ಪಟ್ಟಿಗಳನ್ನು ಮಾರುವವರ ಮೇಲೆ. ನಿವೃತ್ತ ಇಂಗ್ಲಿಷ್ ಮೇಷ್ಟರಿಗೆ ಪಿಂಚಣಿಯ ಜೊತೆಗೆ ಸಿಟ್ಟೂ ಮಂಜೂರಾಗಿರುತ್ತದೆ ಎಂದು ನೀವು ನಗಬಹುದು, ನಗಿ.

ಸಭಿಕರೆಲ್ಲರೂ ಎರಡು ನಿಮಿಷ ಮೌನವನ್ನು ‘ಅಬ್ಸರ್ವ್’ ಮಾಡಿದರೆಂದು ಆ ಹುಡುಗಿ ನಾಳೆ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದರೆ, ಅವರು ಮೌನವನ್ನು ಗಮನಿಸುತ್ತಾ ನಿಂತಿದ್ದರೆಂದೇ ತಿಳಿಯಬೇಕಾಗುತ್ತದೆ. ಉಪವಾಸಕ್ಕೂ ನಿಯಮಪಾಲನೆಗೂ ಇಂಗ್ಲಿಷಿನವರು ಇದೇ ಕ್ರಿಯಾಪದವನ್ನು ಬಳಸುತ್ತಾರೆ. ಇದರೊಳಗಿರುವ ‘ಸರ್ವಾರೆ’ ಎಂಬ ಲ್ಯಾಟಿನ್ ಪದಕ್ಕೆ ಕಾಯುವುದು, ಕಾಪಾಡುವುದು ಎಂದರ್ಥ. ಕಣ್ಣಿಟ್ಟು ಕಾಯುವವನು ಗಮನಿಸುತ್ತಾನೆ, ವ್ರತವನ್ನು ಕಾಯುವವನು ಪಾಲಿಸುತ್ತಾನೆ ಎಂಬುದು ಒಮ್ಮೆ ಹೊಳೆದರೆ ಕನ್ಸರ್ವ್, ಪ್ರಿಸರ್ವ್, ರಿಸರ್ವ್ ಎಂಬ ಪದಗಳೂ ಅದರ ಬೆನ್ನಿಗೇ ತಿಳಿಯುತ್ತವೆ. ಊಟ ಬಡಿಸುವ ‘ಸರ್ವ್’ ಮಾತ್ರ ಈ ಬಳಗದ್ದಲ್ಲ, ಅದರ ಮೂಲ ಸೇವೆಯ ಅರ್ಥದ ಬೇರೊಂದು ಪದ. ಆದ್ದರಿಂದ ಧಾತುಗಳ ಪಟ್ಟಿಯನ್ನೂ ಬಾಯಿಪಾಠ ಮಾಡಿಸಲು ಹೊರಟಿರುವ ಹೊಸ ವ್ಯಾಪಾರಿಗಳಿಗೂ ದೂರದಿಂದಲೇ ನನ್ನ ನಮಸ್ಕಾರ.

ಆಹಾರ, ವಿಹಾರ, ಸಂಹಾರ, ಪರಿಹಾರಗಳಲ್ಲಿ ಉಪಸರ್ಗ ಬದಲಾದಂತೆ ಅರ್ಥ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ಹೈಸ್ಕೂಲಿನಲ್ಲೇ ಕಲಿಯುವ ಮಕ್ಕಳಿಗೆ ಇಂಗ್ಲಿಷ್ ಎಂದೊಡನೆ ಗಿಳಿಪಾಠವನ್ನು ಏಕೆ ಹಚ್ಚುತ್ತೇವೆ?

ನಮ್ಮ ಅಜ್ಜಂದಿರು ಸಂಸ್ಕೃತದ ಹಳೆಯ ಪದಕೋಶವಾದ ಅಮರಕೋಶವನ್ನು ಬಾಯಿಪಾಠ ಮಾಡಲಿಲ್ಲವೇ ಎಂದು ಹಿರಿಯ ಮಿತ್ರರೊಬ್ಬರು ಫೋನಿನಲ್ಲಿ ತಕರಾರು ತೆಗೆದರು. ಮಾಡಿದರು, ಸ್ವಾಮಿ. ಆದರೆ ಅದನ್ನು ರಚಿಸಿದ ಅಮರಸಿಂಹನು ಪದಗಳನ್ನು ವಿಷಯವಾರು ವರ್ಗಗಳಲ್ಲಿ ಜೋಡಿಸಿ, ಲಿಂಗವನ್ನು ಸೂಚಿಸಿ, ಹಲವು ಅರ್ಥಗಳುಳ್ಳ ಪದಗಳಿಗೆ ನಾನಾರ್ಥವರ್ಗವೆಂದು ಪ್ರತ್ಯೇಕ ಭಾಗವನ್ನೇ ಕೊಟ್ಟಿದ್ದಾನೆ; ಅದನ್ನು ಕಲಿತವರು ಕಾವ್ಯವನ್ನೂ ಓದುತ್ತಿದ್ದರು. ಪರೀಕ್ಷೆಗೆ ಅಷ್ಟು ಪುರಸತ್ತಿಲ್ಲ ಎಂಬುದು ಅವರ ಮುಂದಿನ ವಾದ. ಕೇಂದ್ರ ಸರ್ಕಾರದ ನೌಕರಿಗಳಿಗಾಗಿ ನಡೆಯುವ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಗದ್ಯಭಾಗವೊಂದನ್ನು ಕೊಟ್ಟು ಖಾಲಿ ಜಾಗಗಳಿಗೆ ಹೊಂದುವ ಪದವನ್ನು ಆರಿಸಲು ಹೇಳುತ್ತಾರಲ್ಲ, ಅಲ್ಲಿ ಒಂದೇ ಅರ್ಥದ ಪಟ್ಟಿ ಯಾವ ಉಪಕಾರಕ್ಕೆ ಬರುತ್ತದೆ?

ಹೋಟೆಲಿನಲ್ಲಿ ನಾವು ‘ಸ್ಟ್ರಾಂಗ್ ಕಾಫಿ’ ಕೇಳುತ್ತೇವೆಯೇ ಹೊರತು ‘ಪವರ್‌ಫುಲ್ ಕಾಫಿ’ ಎಂದು ಯಾರೂ ಕೇಳುವುದಿಲ್ಲ, ಪಟ್ಟಿಯಲ್ಲಿ ಎರಡರ ಎದುರಿಗೂ ‘ಬಲವಾದ’ ಎಂದೇ ಬರೆದಿರುತ್ತದೆ. ಯಾವ ಪದವು ಯಾವುದರ ಜೊತೆಗೆ ಕೂಡುತ್ತದೆಂಬುದನ್ನು ತೋರಿಸಲೆಂದೇ, ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಂಗಡಿಗರೊಡನೆ ಕಲಿಯುವವರಿಗಾಗಿ ಒಂದು ನಿಘಂಟನ್ನು ಸಿದ್ಧಪಡಿಸಿದರು. 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದ ಅದನ್ನೇ 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಪ್ರಕಟಿಸಿತು. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಆ ನಿಘಂಟು ಬೀಗ ಹಾಕಿದ ಬೀರುವಿನೊಳಗಿರುತ್ತಿತ್ತು, ಗಾಜಿನ ಆಚೆಯಿಂದ ನೋಡಿದ್ದಷ್ಟೇ ನಮ್ಮ ಭಾಗ್ಯ. ಈಗ ಅಂತಹ ನಿಘಂಟುಗಳು ಫೋನಿನಲ್ಲೇ ಪುಕ್ಕಟೆಯಾಗಿ ಸಿಗುವಾಗ, ಮಕ್ಕಳು ದುಡ್ಡು ಕೊಟ್ಟು ಪಟ್ಟಿ ಕೊಳ್ಳುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ದಿನಕ್ಕೆ ಐವತ್ತು ಪದಗಳ ಆಸೆಯನ್ನು ಬಿಟ್ಟು ಎರಡೇ ಪದಗಳನ್ನು ಹಿಡಿಯಲಿ, ನಿಘಂಟಿನಲ್ಲಿ ಅರ್ಥಕ್ಕಿಂತ ಮೊದಲು ಉದಾಹರಣೆಯ ವಾಕ್ಯಗಳನ್ನು ಓದಲಿ, ಅದೇ ದಿನ ಅವುಗಳನ್ನು ಬಳಸಿ ತಮ್ಮ ಮನೆಯ ಸಂಗತಿಯನ್ನೇ ಎರಡು ಸಾಲು ಬರೆಯಲಿ. ನನ್ನ ಕಪಾಟಿನಲ್ಲಿ ಅಂತಹ ಹಳೆಯ ನಿಘಂಟುಗಳು ಎರಡಿವೆ. ನಿಮ್ಮ ಮನೆಯ ಮಕ್ಕಳಿಗೆ ಬೇಕಿದ್ದರೆ ಬಂದು ಒಯ್ಯಿರಿ, ಹಿಂತಿರುಗಿಸದವರ ಹೆಸರನ್ನು ಇಲ್ಲಿಯೇ ಪ್ರಕಟಿಸುತ್ತೇನೆ.