ಇನ್‌ಸ್ಟಾಲೇಶನ್ ಫ್ರೀ ಅಂತೆ!

ಅಡುಗೆಮನೆಗೆ ಹೊಗೆ ಎಳೆಯುವ ಚಿಮಣಿ ಕೂರಿಸಲು ಬಂದ ಹುಡುಗ ಇವತ್ತು ನೆಮ್ಮದಿಯಾಗಿ ಹೇಳಿದ: "ಇನ್‌ಸ್ಟಾಲೇಶನ್ ಫ್ರೀ ಸಾರ್, ಪೈಪು, ಗೋಡೆ ಕೊರೆಯೋದು ಎಲ್ಲಾ ಎಕ್ಸ್‌ಟ್ರಾ." ಮತ್ತೆ ಫ್ರೀ ಆಗಿದ್ದು ಏನು? ಸ್ಕ್ರೂ ತಿರುಗಿಸಿದ್ದಾ? ಸಾಕಾಗಿ ಹೋಯಿತು.

ಮನೆ ಕಟ್ಟಿಸುವವರು ಅಡುಗೆಮನೆಗೆ ಬರುವಷ್ಟರಲ್ಲಿ ಜೇಬು ಖಾಲಿಯಾಗಿರುತ್ತದೆ. ಇಲ್ಲಾದರೂ ನಾಲ್ಕು ಕಾಸು ಉಳಿಸೋಣ ಅಂದರೆ ಯಾರು ಬಿಡುತ್ತಾರೆ? ಮಾಡ್ಯುಲರ್ ಕಿಚನ್‌ನವರ ಮುಂದೆ ಸಾದಾ ಗ್ಯಾಸ್ ಸ್ಟೌ ಅಂದರೆ ಸಾಕು, ಮುಖ ಸಿಂಡರಿಸುತ್ತಾರೆ. "ಹಾಬ್ ಹಾಕ್ಸಿ, ಲುಕ್ ಬರುತ್ತೆ." ಹಾಬ್ ಅಂದರೆ ಅಡುಗೆ ಕಟ್ಟೆಯ ಕಲ್ಲು ಕೊರೆದು ಅದರೊಳಗೆ ಕೂರಿಸುವ ಸ್ಟೌ. ಒಮ್ಮೆ ಗ್ರಾನೈಟನ್ನು ಅದರ ಅಳತೆಗೆ ಕೊರೆದರೆ ಮುಗಿಯಿತು. ಅದು ಕೆಟ್ಟಾಗ ಆ ತೂತಿಗೆ ಹೊಂದುವಂಥದ್ದನ್ನೇ ಹುಡುಕಿಕೊಂಡು ಊರೆಲ್ಲಾ ಅಲೆಯಬೇಕು. ಈ ಮಾತನ್ನು ಕೊರೆಯುವ ಮೊದಲು ಒಬ್ಬರಾದರೂ ಹೇಳುತ್ತಾರಾ?

ವೈರಿಂಗ್ ಕಥೆ ಬೇರೆ. ದೊಡ್ಡ ಓವನ್‌ಗೆ 16 ಆಂಪಿಯರ್ ಪಾಯಿಂಟ್ ಬೇಕು, ಮಿಕ್ಸಿಗೆ ಸಾಕಾಗುವ 6 ಆಂಪಿಯರ್ ಪಾಯಿಂಟ್ ಕೊಟ್ಟು ಹೋಗಿರುತ್ತಾರೆ. ಈಗ ಹೊಸ ಟೈಲ್ಸ್ ಒಡೆಯಬೇಕು. ದುಡ್ಡು ಯಾರದ್ದು? ನಮ್ಮದೇ ಅಲ್ವಾ!

2025ರ ಸೆಪ್ಟೆಂಬರ್ 22ರಿಂದ ಡಿಶ್‌ವಾಶರ್ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಖುಷಿಯಿಂದ ಅಂಗಡಿಗೆ ಹೋದರೆ ಸ್ಟ್ಯಾಂಡು, ಸ್ಟೆಬಿಲೈಜರ್, ಎಕ್ಸ್‌ಟೆಂಡೆಡ್ ವಾರಂಟಿ ಅಂತ ಒಂದೊಂದೇ ಬಿಲ್ಲಿಗೆ ಸೇರಿಸುತ್ತಾರೆ. ಉಳಿದಿದ್ದು ಎಲ್ಲಿ ಹೋಯಿತು?

ಇನ್ನು ಚಿಮಣಿಯ ಆ ದೊಡ್ಡಕ್ಷರದ ವಾರಂಟಿ ಬರೀ ಮೋಟಾರಿಗೆ. ಕೆಡುವುದು ಮಾತ್ರ ಸ್ವಿಚ್ಚು, ಬಲ್ಬು, ಫಿಲ್ಟರು. ಅದನ್ನು ಕೇಳಿದರೆ "ಅದು ಕವರ್ ಆಗಲ್ಲ ಸಾರ್." ಹಾಗಾದರೆ ಕವರ್ ಆಗೋದು ಯಾವುದು ಮಹರಾಯರೇ?