ಬೀಳಲು ಒಂದು ಸಹಿ

ಮಗಳ ಶಾಲೆಯ ಕ್ರೀಡಾದಿನಕ್ಕೆ ಒಪ್ಪಿಗೆ ಪತ್ರ ಬಂತು. "ಓಡುವಾಗ ಮಗು ಬೀಳುವ ಸಾಧ್ಯತೆಯಿದೆ ಎಂಬುದನ್ನು ಅರಿತಿದ್ದೇನೆ" ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕಬೇಕಂತೆ. ನಡೆಯಲು ಕಲಿತ ದಿನದಿಂದಲೂ ಅವಳು ಬೀಳುತ್ತಲೇ ಇದ್ದಾಳೆ. ಆಗೆಲ್ಲ ಯಾರೂ ನನ್ನ ಅಪ್ಪಣೆ ಕೇಳಿರಲಿಲ್ಲ. ಹಾಕಿದೆ ಅನ್ನಿ. ಹಾಕದಿದ್ದರೆ ಅವಳು ಬೆಂಚಿನ ಮೇಲೆ ಕೂತು, ಬೇರೆಯವರು ಬೀಳುವುದನ್ನು ನೋಡಬೇಕಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ನನಗೆ ಇಂಗ್ಲೆಂಡಿನ ಸಮ್ಮರ್‌ಹಿಲ್ ನೆನಪಾಗುತ್ತದೆ. ಎ.ಎಸ್. ನೀಲ್ 1921ರಲ್ಲಿ ಶುರುಮಾಡಿದ ಈ ಶಾಲೆಯಲ್ಲಿ ಪಾಠಕ್ಕೆ ಹೋಗುವುದೂ ಬಿಡುವುದೂ ಮಗುವಿನ ಇಷ್ಟ. "ಅಯ್ಯೋ, ಹೇಳೋರು ಕೇಳೋರು ಯಾರೂ ಇಲ್ವಾ?" ಅನ್ನುತ್ತಾರೆ, ಕೇಳಿದವರೆಲ್ಲ. ಬೇಕಾದಷ್ಟು ಜನ ಇದ್ದಾರೆ! ಮಕ್ಕಳೂ ಮೇಷ್ಟ್ರುಗಳೂ ಒಟ್ಟಿಗೆ ಸಭೆ ಸೇರಿ, ತಲೆಗೊಂದು ಓಟು ಹಾಕಿ, ನೂರಾರು ನಿಯಮ ಮಾಡಿಕೊಂಡಿದ್ದಾರೆ. ಮಲಗುವ ಹೊತ್ತಿಗೂ ನಿಯಮ, ಅದನ್ನು ಜಾರಿಮಾಡಲು ಮಕ್ಕಳೊಳಗೇ ಅಧಿಕಾರಿಗಳು. ನನ್ನ ಮನೆಯಲ್ಲಿ ಇಷ್ಟು ಶಿಸ್ತಿದ್ದಿದ್ದರೆ ನಾನು ಇನ್ನೂ ನಾಲ್ಕು ಪ್ರಬಂಧ ಬರೆಯುತ್ತಿದ್ದೆ.

1999ರಲ್ಲಿ ಅಲ್ಲಿಗೆ ಸರ್ಕಾರದ ಶಾಲಾ ತಪಾಸಣೆಯವರು ಬಂದರು. ಪಾಠ ಕಡ್ಡಾಯವಲ್ಲ ಅನ್ನುವುದು ಅವರಿಗೆ ಸರಿಬರಲಿಲ್ಲ. ನೋಟಿಸು ಹೋಯಿತು, ಶಾಲೆ ಮೇಲ್ಮನವಿ ಹಾಕಿತು. 2000ದ ಮಾರ್ಚ್‌ನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್‌ನಲ್ಲಿ ವಿಚಾರಣೆ. ಕೆಲವೇ ದಿನಗಳಲ್ಲಿ ಸರ್ಕಾರ ರಾಜಿಗೆ ಬಂತು. ಸಾಮಾನ್ಯವಾಗಿ ರಾಜಿ ಅಂದರೆ ವಕೀಲರು ಮೂಲೆಯಲ್ಲಿ ಪಿಸುಗುಟ್ಟಿ, ಕಕ್ಷಿದಾರರ ಭುಜ ತಟ್ಟಿ ಮುಗಿಸುವ ವ್ಯವಹಾರ. ಇಲ್ಲಿ ಹಾಗಾಗಲಿಲ್ಲ. ಬಂದಿದ್ದ ಮಕ್ಕಳು ಆ ನ್ಯಾಯಾಲಯದ ಕೋಣೆಯಲ್ಲೇ ಶಾಲೆಯ ಸಭೆ ನಡೆಸಿದರು. ರಾಜಿಯ ಷರತ್ತುಗಳನ್ನು ಚರ್ಚಿಸಿದರು, ಓಟು ಹಾಕಿದರು, ಒಪ್ಪಿಕೊಂಡರು. ಶತಮಾನಗಳ ವಿಗ್ಗು, ಕರಿ ಗೌನುಗಳ ಗತ್ತು ನೆಲೆಸಿದ ಕಟ್ಟಡದೊಳಗೆ ಕೈ ಎತ್ತಿ ಕೂತ ಆ ಹುಡುಗರನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ನನ್ನ ಕೈಗೆ ಬರುವ ಪತ್ರದಲ್ಲಿ "ಒಪ್ಪುತ್ತೇನೆ" ಎಂಬ ಒಂದೇ ಚೌಕ ಇರುತ್ತದೆ.

ದೇಶ ದೇಶಗಳ ಹೆದರಿಕೆಗೆ ತಲೆ ಬುಡ ಇಲ್ಲ. ಜರ್ಮನಿಯ ಕಾಡಿನ ಶಿಶುವಿಹಾರಗಳಲ್ಲಿ ಪುಟಾಣಿಗಳ ಕೈಗೆ ಚಾಕು ಕೊಟ್ಟು ಕಡ್ಡಿ ಕೆತ್ತಲು ಕೂರಿಸುತ್ತಾರೆ, ಮಳೆ ಬಂದರೂ ಹೊರಗೇ. ಅದೇ ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತೇನೆ ಅಂದರೆ ಅಲ್ಲಿನ ಕಾನೂನು ಬಿಡುವುದಿಲ್ಲ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮನೆಯಲ್ಲೇ ಓದಿಸಬಹುದು. ಆದರೆ ಮಗು ತಾನಾಗಿ ನಡೆದು ಶಾಲೆಗೆ ಹೋದರೆ ಅದು ಹೆತ್ತವರ ನಿರ್ಲಕ್ಷ್ಯವಲ್ಲ ಎಂದು ಸಾರಲು ಯೂಟಾ ರಾಜ್ಯ 2018ರಲ್ಲಿ ಕಾನೂನನ್ನೇ ತರಬೇಕಾಯಿತು. ಸ್ವಿಟ್ಜರ್ಲೆಂಡಿನವರು ಶಿಶುವಿಹಾರದ ಮಕ್ಕಳ ಕೊರಳಿಗೆ ಹೊಳೆಯುವ ಪಟ್ಟಿ ಹಾಕಿ, ನಡೆದುಕೊಂಡು ಹೋಗಿ ಎಂದು ಬಿಟ್ಟುಬಿಡುತ್ತಾರೆ.

ಹಾಗಂತ ಪರ್ಯಾಯ ಶಿಕ್ಷಣದ ಭಕ್ತರ ಜೊತೆಗೂ ನನಗೆ ಹೊಂದುವುದಿಲ್ಲ. ಮಣ್ಣಲ್ಲಿ ಆಡುವುದಕ್ಕೆ ದುಬಾರಿ ಫೀಸು ಕಟ್ಟಿ, ಆಮೇಲೆ ಆ ಮಣ್ಣಿನ ಮಹಿಮೆಯನ್ನು ಎದುರು ಸಿಕ್ಕವರಿಗೆಲ್ಲ ಉಪದೇಶಿಸುವವರು ಸಿಕ್ಕಾಪಟ್ಟೆ ಸುಸ್ತು ಮಾಡುತ್ತಾರೆ. ಆದರೂ ಒಪ್ಪಿಗೆ ಪತ್ರದವರಿಗಿಂತ ವಾಸಿ. ಆ ಪತ್ರ ಕಾಯುವುದು ಕಚೇರಿಯ ಕಡತವನ್ನು. ತರಚಿದ ಮೊಣಕಾಲಿಗೆ ಅದರಿಂದ ಚೂರು ಹತ್ತಿಯೂ ಸಿಗುವುದಿಲ್ಲ.

ಇಷ್ಟಕ್ಕೂ ನಿಯಮ ಮಾಡುವವರಿಗಿಂತ, ಇಲ್ಲದ ನಿಯಮವನ್ನು ಊಹಿಸಿಕೊಂಡು ನಡುಗುವವರೇ ಹೆಚ್ಚು. ಬ್ರಿಟನ್ನಿನಲ್ಲಿ ಕಾಂಕರ್ಸ್ ಅಂತ ಒಂದು ಆಟ: ಗಟ್ಟಿ ಬೀಜಕ್ಕೆ ದಾರ ಪೋಣಿಸಿ, ಎದುರಾಳಿಯ ಬೀಜಕ್ಕೆ ಬೀಸಿ ಹೊಡೆದು ಒಡೆಯುವುದು. ಸುರಕ್ಷತಾ ಇಲಾಖೆ ಅದನ್ನು ನಿಷೇಧಿಸಿದೆ, ಕಣ್ಣಿಗೆ ಗಾಗಲ್ಸ್ ಬೇಕಂತೆ ಎಂದು ಊರೆಲ್ಲ ಪುಕಾರು. ಕೊನೆಗೆ ಇಲಾಖೆಯೇ ಬಾಯಿ ಬಿಟ್ಟು ಹೇಳಬೇಕಾಯಿತು: ನಾವು ಅಂಥದ್ದೇನೂ ಹೇಳಿಲ್ಲ, ಮಕ್ಕಳು ಬೇಕೆಂದೇ ಒಬ್ಬರ ತಲೆಗೊಬ್ಬರು ಬೀಜದಲ್ಲಿ ಕುಟ್ಟಿಕೊಂಡರೆ ಅದು ಶಿಸ್ತಿನ ವಿಚಾರ, ನಮಗೆ ಸೇರಿದ್ದಲ್ಲ.